ತಳ ಹಿಡಿದ ಇತಿಹಾಸ

ಬೆಳಗಾವಿಯ ರವಿವಾರ ಪೇಟೆಯ ಕಾಳುಕಡಿ ಅಂಗಡಿಗಳಲ್ಲಿ ಎರಡು ಲೋಕಗಳಿವೆ. ಕೆಳಗೆ ಬಾಯಿ ಬಿಚ್ಚಿದ ಚೀಲಗಳಲ್ಲಿ ಜೋಳ, ಗೋಧಿ, ಕಡಲೆ, ಹೆಸರು, ಹುರುಳಿ ನೆಲದ ಮೇಲೆ ಕೂತಿರುತ್ತವೆ. ಮೇಲೆ ಗಾಜಿನ ಕಪಾಟಿನಲ್ಲಿ, ಬಣ್ಣದ ಪಾಕೀಟು ತೊಟ್ಟ ಸಿರಿಧಾನ್ಯಗಳು. ಕೆಳಗಿನದನ್ನು ಗಿರಾಕಿ ಮುಷ್ಟಿಯಲ್ಲಿ ತೆಗೆದು, ಹಲ್ಲಿಗೆ ಕಡಿದು, ಹುಳ ಇದೆಯೆಂದು ಜಗಳಾಡಿ ಕೊಳ್ಳುತ್ತಾನೆ. ಮೇಲಿನದನ್ನು ರಕ್ತಪರೀಕ್ಷೆಯ ವರದಿ ನೆನಪಿಸಿಕೊಂಡು ಮೌನವಾಗಿ ಕೊಳ್ಳುತ್ತಾನೆ.

ಅಂಥ ಒಂದು ಕೊರಲೆಯ ಪಾಕೀಟನ್ನು ನಾನು ಹಿಂದೆ ಮುಂದೆ ತಿರುಗಿಸುತ್ತ ನಿಂತಿದ್ದಾಗ ಅಂಗಡಿಯ ಅಣ್ಣಾವರು ಧೈರ್ಯ ತುಂಬಿದರು: "ಒಯ್ರಿ ಸರ, ಹೊಸಾ ಮಾಲ. ಈಗೀಗ ಬರಾಕತ್ತೈತಿ. ಶುಗರ್‌ಗೆ ಭಾರಿ ಚಲೋ."

ಹೊಸಾ ಮಾಲು! ಬಳ್ಳಾರಿ ಪಕ್ಕದ ಸಂಗನಕಲ್ಲಿನ ಗುಡ್ಡಗಳಲ್ಲಿ ಕ್ರಿ.ಪೂ. 2000ದ ಆಚೀಚೆ ಸಂಸಾರ ಹೂಡಿದ್ದ ಜನ ದಿನಾ ಉಣ್ಣುತ್ತಿದ್ದದ್ದು ಇದನ್ನೇ. ಕೊರಲೆ, ಅದರ ಜೊತೆಗೆ ನವಣೆಯ ದಾಯಾದಿಯಾದ ಇನ್ನೊಂದು ಹುಲ್ಲಿನ ಕಾಳು (ಈಗ ಅದು ಪಂಚೆಯ ಅಂಚಿಗೆ ಅಂಟಿಕೊಳ್ಳುವ ಕಳೆಯೆಂದು ಬೈಸಿಕೊಳ್ಳುತ್ತದೆ), ಮತ್ತೆ ಹುರುಳಿ, ಹೆಸರು. ಈ ನಾಲ್ಕು ಸೇರಿದರೆ ನವಶಿಲಾಯುಗದ ಕರ್ನಾಟಕದ ಊಟದ ತಾಟು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್, ಲಂಡನ್ನಿನ ಡೋರಿಯನ್ ಫುಲ್ಲರ್, ಪಿ.ಸಿ. ವೆಂಕಟಸುಬ್ಬಯ್ಯ ಮೊದಲಾದವರು ಸಂಗನಕಲ್ಲು, ತುಂಗಭದ್ರೆಯ ದಂಡೆಯ ಹಳ್ಳೂರು ಮುಂತಾದ ಹಳೆಯ ನೆಲೆಗಳ ಮಣ್ಣು ಸೋಸಿ, 2004ರಲ್ಲಿ ಈ ಪಟ್ಟಿಯನ್ನು ಲೋಕದ ಮುಂದಿಟ್ಟರು. ಬೇಸಾಯ ಎಲ್ಲವೂ ಪಶ್ಚಿಮದಿಂದ, ಗೋಧಿಯ ಬೆನ್ನು ಹತ್ತಿ ಬಂದದ್ದೆಂದು ನಂಬಿದ್ದವರಿಗೆ ಇದೊಂದು ಸಣ್ಣ ಪೆಟ್ಟು. ಗೋಧಿ, ಜವೆಗೋಧಿಯ ಕಾಳುಗಳೂ ಇಲ್ಲಿ ಸಿಕ್ಕಿವೆ ನಿಜ, ಆದರೆ ಅವು ನೆಂಟರು. ಮನೆಯವರು ಕೊರಲೆ ಮತ್ತು ಹುರುಳಿ.

ಇಷ್ಟನ್ನು ಅಂಗಡಿಯಲ್ಲೇ ಹೇಳಲು ಬಾಯಿ ತೆರೆದೆ. ಹಿಂದೆ ನಿಂತಿದ್ದ ಹೆಂಗಸು "ಲಗೂ ತಗೊಳ್ರಿ ಕಾಕಾ" ಎಂದಿದ್ದರಿಂದ ನಾಲ್ಕು ಸಾವಿರ ವರ್ಷ ಗಂಟಲಲ್ಲೇ ಉಳಿಯಿತು.

ಅಷ್ಟು ಹಿಂದಿನವರು ಏನು ಉಂಡರೆಂದು ಈಗಿನವರಿಗೆ ತಿಳಿಯುವುದಾದರೂ ಹೇಗೆ? ಅಕ್ಷರ ಈ ಕಡೆ ಬರುವುದಕ್ಕೆ ಇನ್ನೂ ಬಹಳ ಕಾಲವಿತ್ತು. ಅವರು ಬರೆದಿಡಲಿಲ್ಲ, ಹೊತ್ತಿಸಿಟ್ಟರು. ಮಣ್ಣಿಗೆ ಬಿದ್ದ ಹಸಿ ಕಾಳನ್ನು ಇರುವೆ, ಹುಳ, ಬೂಸು ಸೇರಿ ಕೆಲವೇ ದಿನಗಳಲ್ಲಿ ಮುಗಿಸುತ್ತವೆ. ನೇರ ಉರಿಗೆ ಬಿದ್ದ ಕಾಳು ಬೂದಿಯಾಗುತ್ತದೆ. ಎರಡೂ ಆಗದೆ, ಒಲೆಯ ಅಂಚಿನ ಬೂದಿಯಲ್ಲಿ ಹೂತು, ಗಾಳಿ ಸಿಗದೆ ಒಳಗೊಳಗೇ ಕಮರಿದ ಕಾಳು ಮಾತ್ರ ಇದ್ದಿಲಾಗುತ್ತದೆ. ಇದ್ದಿಲನ್ನು ಯಾವ ಹುಳವೂ ಮೂಸುವುದಿಲ್ಲ. ಬೆನ್ನಿನ ಗೆರೆ, ಹೊಟ್ಟೆಯ ಸೀಳು, ಮೊಳಕೆಯ ಗುಳಿ, ಎಲ್ಲ ಇದ್ದ ಹಾಗೇ ಕಪ್ಪಾಗಿ ಉಳಿಯುತ್ತವೆ. ಇಡೀ ಶಾಸ್ತ್ರ ನಿಂತಿರುವುದು ಈ ಅಪಘಾತದ ಮೇಲೆ.

ಇದರಲ್ಲೊಂದು ಅನ್ಯಾಯವಿದೆ. ಶಹಾಪುರದಲ್ಲಿರುವ ನಮ್ಮ ಅತ್ತೆ, ಅಂದರೆ ಅಪ್ಪನ ತಂಗಿ, ಜನ್ಮದಲ್ಲಿ ಅನ್ನ ತಳ ಹಿಡಿಸಿದವಳಲ್ಲ. ಅವಳ ಒಲೆಯ ಮೇಲೆ ಹಾಲು ಉಕ್ಕಿದ್ದನ್ನು ಕಂಡವರಿಲ್ಲ. ಹುರಿಯುವಾಗ ಒಂದು ಕಾಳು ಬಾಣಲೆಯಿಂದ ಹಾರಿದರೆ ನೆಲ ಮುಟ್ಟುವ ಮೊದಲೇ ಹಿಡಿದು ಮತ್ತೆ ಬಾಣಲೆಗೆ ಹಾಕುವಷ್ಟು ಚುರುಕು. ಇಂಥ ಗೃಹಿಣಿ ಪುರಾತತ್ವದ ಲೆಕ್ಕದಲ್ಲಿ ಸೊನ್ನೆ. ಅವಳು ಬಾಳಿದ್ದಕ್ಕೇ ಪುರಾವೆ ಇರುವುದಿಲ್ಲ. ಅದೇ ಗೋಡೆಯಾಚೆಗಿನ ಮನೆಯಲ್ಲಿ, ಧಾರಾವಾಹಿ ನೋಡುತ್ತ ವಾರಕ್ಕೊಮ್ಮೆ ಪಾತ್ರೆ ಕರಿ ಮಾಡುವ ಗೃಹಿಣಿ ಇದ್ದಾರಲ್ಲ, ಮುಂದೊಂದು ಕಾಲಕ್ಕೆ ಈ ಗಲ್ಲಿಯ ಸಂಸ್ಕೃತಿಗೆಲ್ಲ ಅವರದೇ ಹೆಸರು ಬಂದೀತು.

ಇದನ್ನು ಅತ್ತೆಗೆ ಹೇಳಿದೆ. ಮೊರದಿಂದ ತಲೆ ಎತ್ತದೆ ಕೇಳಿದಳು: "ಹಂಗಾರ ನೀವು ಬರ್ಯಾಕತ್ತಿದ್ದು ದಡ್ಡ ಹೆಣ್ಮಕ್ಕಳ ಚರಿತ್ರಿ ಅನ್ನು."

ಕಪ್ಪು ಕಾಳನ್ನು ಕಪ್ಪು ಮಣ್ಣಿನಿಂದ ಬೇರೆ ಮಾಡುವುದು ಕಣ್ಣಿಗೆ ಆಗದ ಕೆಲಸ. ಅದಕ್ಕೇ ಬಹಳ ಕಾಲ ಅಗೆಯುವವರು ಗಡಿಗೆ, ಕೊಡಲಿ, ಮಣಿ ಎತ್ತಿಕೊಂಡು ಮಣ್ಣನ್ನು ಆಚೆ ಚೆಲ್ಲುತ್ತಿದ್ದರು. ರಾಬರ್ಟ್ ಬ್ರೂಸ್ ಫುಟ್ ಹತ್ತೊಂಬತ್ತನೇ ಶತಮಾನದಲ್ಲಿ ನಮ್ಮ ಮಲಪ್ರಭೆ, ಘಟಪ್ರಭೆಯ ಸೀಮೆಯನ್ನೆಲ್ಲ ತುಳಿದು, 1876ರಲ್ಲಿ ದಕ್ಷಿಣ ಮರಾಠಾ ಪ್ರಾಂತದ ಭೂರಚನೆಯ ಮೇಲೆ ದೊಡ್ಡ ಗ್ರಂಥವನ್ನೇ ಬರೆದ. ಕಲ್ಲಿನ ಆಯುಧ ಅವನ ಕಣ್ಣು ತಪ್ಪಿಸುತ್ತಿರಲಿಲ್ಲ. 1955ರಲ್ಲಿ ಆರ್.ವಿ. ಜೋಶಿ ಮಲಪ್ರಭೆಯ ಕಣಿವೆಯ ಮೇಲೆಯೇ ಒಂದು ಪುಸ್ತಕ ತಂದರು. ಅವರಿಗೂ ಬೇಕಾದದ್ದು ಕಲ್ಲು, ಮರಳು, ನದಿಯ ಹಳೆಯ ದಂಡೆ. ಕಾಳಿನ ಸರದಿ ಬಂದದ್ದು 1968ರಲ್ಲಿ ಅಮೆರಿಕದ ಸ್ಟುವರ್ಟ್ ಸ್ಟ್ರೂವರ್ ಮಣ್ಣನ್ನು ನೀರಿಗೆ ಹಾಕಿ ತೇಲಿಸುವ ಉಪಾಯವನ್ನು ಬರೆದು ಪ್ರಕಟಿಸಿದ ಮೇಲೆ. ಇದ್ದಿಲು ಹಗುರ, ಮೇಲೆ ಬರುತ್ತದೆ. ಅದನ್ನು ಸಣ್ಣ ಕಣ್ಣಿನ ಜಾಲರಿಯಲ್ಲಿ ಹಿಡಿದು, ನೆರಳಲ್ಲಿ ಒಣಗಿಸಿ, ಸೂಕ್ಷ್ಮದರ್ಶಕದ ಕೆಳಗೆ ಹರಡುವುದು. ಬಿತ್ತುವ ಮುಂಚೆ ಬೀಜವನ್ನು ನೀರಿಗೆ ಹಾಕಿ ಜೊಳ್ಳು ತೆಗೆಯುವ ನಮ್ಮ ರೈತರ ಕೆಲಸವೇ ಇದು. ಏನೆಂದರೆ, ಇಲ್ಲಿ ಮುಳುಗಿದ್ದನ್ನು ಬಿಟ್ಟು ತೇಲಿದ ಜೊಳ್ಳಿಗೆ ಮರ್ಯಾದೆ.

ಉಪಾಯ ಇಷ್ಟು ಸುಲಭವಿರುವಾಗ ಮನೆಯಲ್ಲೇ ಯಾಕೆ ಮಾಡಬಾರದೆಂದು ಹಿತ್ತಲಿನ ಮಣ್ಣು ಅಗೆದು ಬಕೆಟ್ಟಿನಲ್ಲಿ ಕದಡಿ ನೋಡಿದೆ. ತೇಲಿ ಬಂದವು: ಬೇರಿನ ಎಳೆಗಳು, ಬಸವನಹುಳದ ಪುಟ್ಟ ಚಿಪ್ಪು, ಶೇಂಗಾ ಸಿಪ್ಪೆ, ಗುಟಕಾ ಚೀಟಿಯ ಹೊಳೆಯುವ ತುಣುಕು, ಪಟಾಕಿಯ ಸುಟ್ಟ ಕಾಗದ. ಕಾಲಮಾನ ನಿರ್ಣಯಕ್ಕೆ ತೊಂದರೆ ಇರಲಿಲ್ಲ. ಹೋದ ದೀಪಾವಳಿ. ಅಷ್ಟರಲ್ಲಿ ಒಳಗಿನಿಂದ "ಚಹಾ ಸೋಸೂ ಜಾಲರಿ ಎಲ್ಲಿ ಹೋತು?" ಎಂಬ ಪ್ರಶ್ನೆ ಬಂದದ್ದರಿಂದ ಉತ್ಖನನ ಅಲ್ಲಿಗೆ ನಿಂತಿತು.

ಕಾಳಿಗಿಂತ ಕಸವೇ ಹೆಚ್ಚು ಮಾತಾಡುತ್ತದೆ ಎಂಬುದು ಈ ವಿದ್ಯೆಯ ಇನ್ನೊಂದು ಪಾಠ. ಗಾರ್ಡನ್ ಹಿಲ್‌ಮನ್ ಎಂಬ ಇಂಗ್ಲಿಷ್ ಸಸ್ಯಶಾಸ್ತ್ರಜ್ಞ 1970ರ ದಶಕದ ಮೊದಲಲ್ಲಿ ಟರ್ಕಿಯ ಅಶ್ವಾನ್ ಎಂಬ ಹಳ್ಳಿಯಲ್ಲಿ ಕೂತು, ರೈತರು ಕೊಯ್ದದ್ದು, ತುಳಿಸಿದ್ದು, ತೂರಿದ್ದು, ಸಾಣಿಸಿದ್ದು, ಕುಟ್ಟಿದ್ದು, ಪ್ರತಿ ಹೆಜ್ಜೆಗೂ ಏನು ಉಳಿಯಿತು, ಏನು ಕಸವಾಯಿತು ಎಂದು ಬರೆದುಕೊಂಡ. ತೂರುವಾಗ ಹಾರುವುದು ಹಗುರ ಹೊಟ್ಟು, ಸಾಣಿಗೆಯ ಕಣ್ಣಿನಿಂದ ಇಳಿಯುವುದು ಸಣ್ಣ ಕಳೆಯ ಬೀಜ, ಕೊನೆಗೆ ಕೈಯಲ್ಲಿ ಆರಿಸಬೇಕಾದದ್ದು ಕಾಳಿನಷ್ಟೇ ಗಾತ್ರದ ಕಳೆ. ಆದ್ದರಿಂದ ಹಳೆಯ ಒಲೆಯ ಬೂದಿಯಲ್ಲಿ ಯಾವ ಬಗೆಯ ಕಸ ಇದೆಯೆಂದು ನೋಡಿದರೆ ಆ ಮನೆಯವರು ಧಾನ್ಯವನ್ನು ಯಾವ ಹಂತದಲ್ಲಿ ತುಂಬಿಟ್ಟುಕೊಂಡಿದ್ದರು, ದಿನದಿನಕ್ಕೆ ಎಷ್ಟು ಹಸನು ಮಾಡುತ್ತಿದ್ದರು ಎಂಬುದೆಲ್ಲ ಹೊರಬೀಳುತ್ತದೆ. ನಮ್ಮ ಕಡೆ ಮಧ್ಯಾಹ್ನ ಊಟವಾದ ಮೇಲೆ ಪಡಸಾಲೆಯಲ್ಲಿ ಕಾಲು ಚಾಚಿ, ಮೊರ ತೊಡೆಯ ಮೇಲಿಟ್ಟು, ಊರ ಸುದ್ದಿಯನ್ನೂ ಕಾಳನ್ನೂ ಒಟ್ಟಿಗೆ ಹಸನು ಮಾಡುವ ಪದ್ಧತಿ ಇತ್ತು. ಹರಳು, ಕಳೆ, ಜೊಳ್ಳು ಒಂದು ಮೂಲೆಗೆ, ಅಲ್ಲಿಂದ ಒಲೆಗೆ. ಈಗ ಹಸನು ಮಾಡಿದ್ದೇ ಪಾಕೀಟಿನಲ್ಲಿ ಬರುತ್ತದೆ, ಒಲೆಗೆ ಬೂದಿಯೂ ಇಲ್ಲ. ನಾವೆಲ್ಲ ನಮ್ಮ ಅತ್ತೆಯ ಹಾಗೆ ಪುರಾವೆ ಬಿಡದವರಾಗಿದ್ದೇವೆ.

ಬೆಳಗಾವಿಯಿಂದ ಖಾನಾಪುರಕ್ಕೆ ಹೋಗಲು ಬಸ್ಸಿಗಿಂತ ಪ್ಯಾಸೆಂಜರ್ ರೈಲು ನನಗೆ ಸರಿ. ದೇಸೂರು, ಇದಲಹೊಂಡ ದಾಟುವಷ್ಟರಲ್ಲಿ ಕರಿ ಮಣ್ಣು ಕೆಂಪಾಗುತ್ತ, ಜೋಳದ ನಾಡು ಹಿಂದಾಗಿ ಭತ್ತದ ನಾಡು ಬರುತ್ತದೆ. ಸುಗ್ಗಿಯ ಕಾಲದಲ್ಲಿ ಹೋದರೆ ಹೊಲದ ತುಂಬ ಕುಡುಗೋಲು. ಪಕ್ಕದಲ್ಲಿ ಕೂತಿದ್ದ ರೈತರೊಬ್ಬರ ಮುಂದೆ ಜ್ಯಾಕ್ ಹಾರ್ಲನ್‌ನ ಕಥೆ ತೆಗೆದೆ. ಆ ಅಮೆರಿಕನ್ ಪಂಡಿತ 1966ರಲ್ಲಿ ಟರ್ಕಿಯ ಬೆಟ್ಟದಲ್ಲಿ ತಾನೇ ಬೆಳೆದು ನಿಂತಿದ್ದ ಕಾಡುಗೋಧಿಯನ್ನು ಹಳೆಯ ಕಾಲದ ಚಕಮಕಿ ಕಲ್ಲಿನ ಕುಡುಗೋಲಿನಿಂದ ಕೊಯ್ದು ನೋಡಿದ. ತಾಸಿಗೆ ಹತ್ತಿರ ಹತ್ತಿರ ಒಂದು ಕಿಲೋ ಶುದ್ಧ ಕಾಳು. ಒಂದು ಕುಟುಂಬ ಮೂರು ವಾರ ಕೊಯ್ದರೆ ವರ್ಷದ ಊಟಕ್ಕೆ ಸಾಕಾಗಿ ಮಿಗುತ್ತದೆ ಎಂದು ಲೆಕ್ಕ ಹಾಕಿದ.

ರೈತರು ಕಿಟಕಿಯಿಂದ ಮುಖ ತಿರುಗಿಸಿ ಕೇಳಿದರು: "ಉಳುವಂಗಿಲ್ಲ, ಬಿತ್ತುವಂಗಿಲ್ಲ?"

"ಇಲ್ಲ."

"ಮೂರ ವಾರದಾಗ ವರ್ಷದ ಕಾಳು?"

"ಹೌದ್ರಿ."

"ಮತ್ತ ಯಾಕ್ರೀ ಒಕ್ಕಲತನ ಸುರು ಮಾಡಿದ್ರು? ಹುಚ್ಚ ಹಿಡಿದಿತ್ತೇನು?"

ಲೋಕದ ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳು ಇಂದಿಗೂ ಜಗಳಾಡುತ್ತಿರುವುದು ಇದೇ ಪ್ರಶ್ನೆಯ ಮೇಲೆ. ಅಷ್ಟು ಚೊಕ್ಕವಾಗಿ ಕೇಳಿದವರನ್ನು ನಾನು ಪುಸ್ತಕಗಳಲ್ಲಿ ಕಂಡಿಲ್ಲ.

ಯಾಕೆ ಎಂಬುದು ತೀರದಿದ್ದರೂ ಯಾವಾಗ, ಹೇಗೆ ಎಂಬುದಕ್ಕೆ ಕಾಳಿನ ಬುಡದಲ್ಲೇ ಗುರುತಿದೆ. ಕಾಡು ಭತ್ತ ಮಾಗಿದ ಕೂಡಲೇ ತಾನಾಗಿ ತೆನೆಯಿಂದ ಕಳಚಿ ಉದುರುತ್ತದೆ. ಸಂತಾನ ಮುಂದುವರಿಯಬೇಕಲ್ಲ. ಊರ ಭತ್ತ ಕೊಯ್ಯುವವರು ಬಂದು ಬಡಿಯುವ ತನಕ ತೆನೆ ಬಿಡುವುದಿಲ್ಲ. ತಾನಾಗಿ ಕಳಚಿದ ಕಾಳಿನ ಬುಡದ ಗಾಯ ನುಣುಪು, ಬಡಿದು ಬಿಡಿಸಿದ್ದರ ಗಾಯ ಹರಿದದ್ದು. ಚೀನಾದ ತಿಯಾನ್‌ಲುವೋಶಾನ್ ಎಂಬ ನೆಲೆಯಲ್ಲಿ ಇಂಥ ಗಾಯಗಳನ್ನು ಎಣಿಸಿ 2009ರಲ್ಲಿ ಫುಲ್ಲರ್ ಮತ್ತು ಜೊತೆಗಾರರು ಪ್ರಕಟಿಸಿದರು. ಸುಮಾರು 6,900 ವರ್ಷಗಳ ಹಿಂದೆ ಉದುರದ ಭತ್ತ ನೂರಕ್ಕೆ 27 ಇದ್ದದ್ದು, ಮುನ್ನೂರು ವರ್ಷ ಕಳೆಯುವಷ್ಟರಲ್ಲಿ 39 ಆಯಿತು. ಮುನ್ನೂರು ವರ್ಷಕ್ಕೆ ಹನ್ನೆರಡು! ನಮ್ಮ ಕಡೆಯ ರಸ್ತೆ ಅಗಲ ಮಾಡುವ ಕೆಲಸ ಕಂಡು ಬೇಸರಪಡುವವರು ಈ ಅಂಕಿ ಮನಸ್ಸಿನಲ್ಲಿಟ್ಟುಕೊಂಡರೆ ರಕ್ತದೊತ್ತಡ ಇಳಿಯುತ್ತದೆ. ಖಾನಾಪುರದ ಗದ್ದೆಗಳಾದರೂ ಈ ಕಥೆಯಲ್ಲಿ ತಡವಾಗಿ ಬಂದವು. ದಕ್ಷಿಣದಲ್ಲಿ ಭತ್ತ ತಲೆ ಎತ್ತುವುದು ನವಶಿಲಾಯುಗ ಮುಗಿದು ಕಬ್ಬಿಣದ ಕಾಲ ಕಾಲಿಡುವ ಹೊತ್ತಿಗೆ.

ಖಾನಾಪುರ ಕುಂಬಾರಿಕೆಗೆ ಹೆಸರಾದ ಊರು. ಮಲಪ್ರಭೆಯ ದಂಡೆಯ ಮಣ್ಣು ಗಡಿಗೆಗೂ ಹಂಚಿಗೂ ಒದಗುತ್ತದೆ. ಖಾದಿ ಆಯೋಗದ ಕೇಂದ್ರೀಯ ಗ್ರಾಮೀಣ ಕುಂಬಾರಿಕೆ ಸಂಸ್ಥೆ ಇರುವುದೂ ಇಲ್ಲೇ. ರಸ್ತೆ ಬದಿಯಲ್ಲಿ ಒಟ್ಟಿದ ಗಡಿಗೆಗಳನ್ನು ಕಂಡರೆ ನಾನು ಮಗುಚಿ ತಳ ನೋಡುತ್ತೇನೆ. ಹಸಿ ಮಣ್ಣು ಬಿರಿಯದಿರಲೆಂದು ಹೊಟ್ಟು, ಲದ್ದಿ, ಬೂದಿ ಬೆರೆಸುವುದು ಕುಂಬಾರರ ಹಳೆಯ ಪದ್ಧತಿ. ಆವಿಗೆಯಲ್ಲಿ ಹೊಟ್ಟು ಸುಟ್ಟು ಹೋಗುತ್ತದೆ, ಅದರ ಅಚ್ಚು ಮಣ್ಣಿನಲ್ಲಿ ನಿಲ್ಲುತ್ತದೆ. ಭೂತಗನ್ನಡಿ ಹಿಡಿದು ಒಂದು ಮಡಕೆಯ ಬುಡ ಪರೀಕ್ಷಿಸುತ್ತಿದ್ದ ನನ್ನನ್ನು ನೋಡಿ ಮಾರುವ ಅವ್ವ ಮುಖ ಗಂಟಿಕ್ಕಿದಳು: "ಸೋರೂದಿಲ್ಲೋ ಯಪ್ಪಾ. ಬೇಕಾರ ನೀರ ಹಾಕಿ ನೋಡು. ಹಂಗ ಕನ್ನಡಕದ ಮ್ಯಾಲ ಕನ್ನಡಕ ಹಾಕ್ಕೊಂಡು ನೋಡಬ್ಯಾಡ."

ಅವಳ ಮಡಕೆಯಲ್ಲಿ ಹೊಟ್ಟಿನ ಅಚ್ಚು ಕಾಣಲಿಲ್ಲ. ಆದರೆ ಇಂಥದೇ ಮಡಕೆ ಚೂರುಗಳಿಂದ ನಮ್ಮ ರೊಟ್ಟಿಯ ಜಾತಕ ಸಿಕ್ಕಿದೆ. ಪೂರ್ವ ಸೂಡಾನಿನ ಬುಟಾನಾ ಸೀಮೆಯಲ್ಲಿ ಹಿಂದೆಯೇ ಅಗೆದು ತೆಗೆದಿಟ್ಟಿದ್ದ ಚೂರುಗಳಲ್ಲಿ ಹೊಟ್ಟಿನ ಅಚ್ಚುಗಳಿದ್ದವು. ಅವುಗಳಿಗೆ ಎರಕ ಹೊಯ್ದು ಪರೀಕ್ಷಿಸಿದರೆ ಜೋಳ, ಅದರಲ್ಲೂ ಬಡಿದು ಬಿಡಿಸಿದ ಹರಿದ ಗಾಯದ ಜೋಳ! ಕ್ರಿ.ಪೂ. ನಾಲ್ಕನೆಯ ಸಹಸ್ರಮಾನದ್ದು. 2017ರಲ್ಲಿ ಇದು ಪ್ರಕಟವಾಯಿತು; ಊರ ಜೋಳದ ಅತಿ ಹಳೆಯ ಗುರುತು ಎಂದರು. ಸಜ್ಜೆಯ ಕಥೆಯೂ ಹೀಗೆಯೇ, ಅದು ಪಶ್ಚಿಮ ಆಫ್ರಿಕದ ಮಾಲಿ ದೇಶದ ಮಡಕೆ ಚೂರುಗಳಲ್ಲಿ ಸಿಕ್ಕಿತು.

ಬೆಳಗಾವಿಯವರಿಗೆ ಇದನ್ನು ಮೆಲ್ಲಗೆ ಹೇಳಬೇಕು. ಬಿಳಿಜೋಳದ ರೊಟ್ಟಿ ನಮ್ಮ ಆತ್ಮಗೌರವದ ವಿಷಯ. ಅದರ ಪಕ್ಕದ ಮೆಣಸಿನಕಾಯಿ ಅಮೆರಿಕದಿಂದ ಗೋವೆಯ ಪೋರ್ತುಗೀಜರ ಹಡಗಿನಲ್ಲಿ ಬಂತೆಂದು ಒಪ್ಪಿಕೊಂಡವರೂ ರೊಟ್ಟಿ ಸೂಡಾನಿನದೆಂದರೆ ತಟ್ಟೆ ತಮ್ಮ ಕಡೆ ಎಳೆದುಕೊಳ್ಳುತ್ತಾರೆ. ಯಾರು ಮೊದಲಿಗರು, ಯಾರು ಆಮೇಲೆ ಬಂದವರು ಎಂಬ ಮಾತು ಈ ಊರಿನಲ್ಲಿ ಎಂದೂ ಹಳತಾಗುವುದಿಲ್ಲ. ಸದ್ಯ, ಗಡಿ ತಂಟೆಯಲ್ಲಿ ಎರಡೂ ಕಡೆಯವರು ಜೋಳವನ್ನು ಸಾಕ್ಷಿಗೆ ಕರೆದಿಲ್ಲ. ಕರೆದಿದ್ದರೆ ಅದು ಮೂರನೆಯವರ ಹೆಸರು ಹೇಳುತ್ತಿತ್ತು.

ರಾಗಿಯೂ ಆಫ್ರಿಕದ್ದೇ. ಹಳ್ಳೂರನ್ನು 1965ರಲ್ಲಿ ಎಂ.ಎಸ್. ನಾಗರಾಜರಾವ್ ಅಗೆದಾಗ ರಾಗಿ ಸಿಕ್ಕಿತೆಂದು ವರದಿಯಾಗಿ, ಅದು ಪಠ್ಯಪುಸ್ತಕದವರೆಗೆ ನಡೆದು ಹೋಯಿತು. ಫುಲ್ಲರ್ ಹಳೆಯ ವರದಿಗಳನ್ನೆಲ್ಲ ಮತ್ತೆ ತೂರಿದಾಗ, ಭಾರತದ ಪ್ರಾಚೀನ ರಾಗಿ ಎಂದುಕೊಂಡದ್ದರಲ್ಲಿ ಬಹಳಷ್ಟು ಬೇರೆ ಸಣ್ಣ ಹುಲ್ಲುಕಾಳು ಇರಬೇಕೆಂದಾಯಿತು. ಆಫ್ರಿಕದಿಂದ ಬಂದವುಗಳಲ್ಲಿ ಹಳ್ಳೂರಿನಲ್ಲಿ ಸಜ್ಜೆ ಮತ್ತು ಅವರೆ ಗಟ್ಟಿಯಾಗಿ ನಿಂತವು. ಸುಟ್ಟ ಸಣ್ಣ ಕಾಳುಗಳೆಲ್ಲ ಒಂದೇ ಮುಖದವು, ಪಂಡಿತರನ್ನು ದೂರಿ ಉಪಯೋಗವಿಲ್ಲ.

ಹೊರಗಿನಿಂದ ಬಂದು ಇಲ್ಲೇ ಊರಿದವರಲ್ಲಿ ನನಗೆ ಹೆಚ್ಚು ಪ್ರೀತಿ ಖಪಲಿ ಗೋಧಿಯ ಮೇಲೆ. ಸದಕ ಎಂದೂ ಕರೆಯುತ್ತಾರೆ. ಪಶ್ಚಿಮ ಏಷ್ಯಾದಲ್ಲಿ ಹತ್ತು ಸಾವಿರ ವರ್ಷಗಳ ಹಿಂದೆ ಮನುಷ್ಯ ಮೊದಮೊದಲು ಬಿತ್ತಿದ ಬೆಳೆಗಳಲ್ಲಿ ಇದೂ ಒಂದು. ಈಜಿಪ್ಟಿನ ಫೇರೋಗಳ ರೊಟ್ಟಿ ಇದರದೇ. ಇದರ ಕಾಳು ಹೊಟ್ಟಿನ ಅಂಗಿ ಬಿಚ್ಚುವುದಿಲ್ಲ, ಒಕ್ಕಿದ ಮೇಲೂ ಕುಟ್ಟಬೇಕು. ಆ ಹಟಕ್ಕೇ ಬೇಸತ್ತು ಲೋಕದ ಬಹುಭಾಗ ಇದನ್ನು ಬಿಟ್ಟು, ಬಡಿದರೆ ಬರಿಮೈಯಾಗಿ ಬೀಳುವ ಗೋಧಿಯನ್ನು ಹಿಡಿಯಿತು. ಅಗೆಯುವವರಿಗೆ ಸಿಗುವುದೂ ಹೆಚ್ಚಾಗಿ ಇದರ ಕವಲೊಡೆದ ಹೊಟ್ಟಿನ ಬುಡ. ಬೇರೆ ಕಡೆ ಬೂದಿಯಲ್ಲಿ ಹುಡುಕಬೇಕಾದ ಈ ಧಾನ್ಯ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಹೊಲಗಳಲ್ಲಿ ಇಂದಿಗೂ ಹಸಿರಾಗಿ ನಿಲ್ಲುತ್ತದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಡಿಡಿಕೆ 1025, ಡಿಡಿಕೆ 1029 ಎಂಬ ತಳಿಗಳನ್ನೇ ಕೊಟ್ಟಿದೆ. ಫೇರೋಗೆ ಮೊಬೈಲ್ ನಂಬರ್ ಕೊಟ್ಟ ಹಾಗಿದೆ ಆ ಹೆಸರು. ಲೋಕವೆಲ್ಲ ಬಿಟ್ಟರೂ ನಾವು ಬಿಡದ್ದಕ್ಕೆ ಕಾರಣ ಭಕ್ತಿಯಲ್ಲ, ಹುಗ್ಗಿ. ಕುಟ್ಟಿದ ಸದಕ, ಬೆಲ್ಲ, ಮೇಲೆ ಕಾಯಿಸಿದ ತುಪ್ಪ. ಒಮ್ಮೆ ಉಂಡವರಿಗೆ ಕುಟ್ಟುವ ಶ್ರಮ ನೆನಪಿರುವುದಿಲ್ಲ, ವಿಶೇಷವಾಗಿ ಕುಟ್ಟಿದವರು ಬೇರೆಯವರಾಗಿದ್ದರೆ.

ಗೋಧಿಯ ಮಾತು ಬಂದರೆ ವಡಗಾವಿಯನ್ನು ದಾಟಿ ಹೋಗಲಾಗದು. ಈಗ ಮಗ್ಗದ ಸದ್ದಿನ ವಡಗಾವಿ–ಮಾಧವಪುರದ ನೆಲದಲ್ಲಿ 1970ರ ದಶಕದಲ್ಲಿ ಅ. ಸುಂದರ ಅವರು ಅಗೆದು ಶಾತವಾಹನರ ಕಾಲದ ಇಟ್ಟಿಗೆ ಪಟ್ಟಣವನ್ನು ಹೊರತೆಗೆದರು. ಆ ಜಾಗದಲ್ಲಿ ಸಿಕ್ಕ ಬ್ರಾಹ್ಮಿ ಲಿಪಿಯ ಕಲ್ಲುಕಂಬ ವಾಜಪೇಯ ಯಾಗ ಮಾಡಿದವರೊಬ್ಬರನ್ನು ನೆನೆಯುತ್ತದೆ. ಶತಪಥ ಬ್ರಾಹ್ಮಣದ ವಿಧಿಯಂತೆ ಆ ಯಾಗದ ಯೂಪಸ್ತಂಭದ ತುದಿಗೆ ತೊಡಿಸುವ ಬಳೆ ಗೋಧಿಯದು. ಯಜಮಾನ ಏಣಿ ಹತ್ತಿ ಅದನ್ನು ಮುಟ್ಟಬೇಕು. ವಡಗಾವಿಯ ಯಜಮಾನರೂ ವಿಧಿ ತಪ್ಪಿಸದಿದ್ದರೆ, ಮಳೆ ಬಂದರೆ ಜಾರುವ ಈ ಊರಿನಲ್ಲಿ, ಏಣಿಯ ಮೇಲೆ ನಿಂತು ಗೋಧಿ ಮುಟ್ಟಿರಬೇಕು. ಯಾವ ಗೋಧಿ? ಕಲ್ಲು ಅದನ್ನು ಹೇಳುವುದಿಲ್ಲ. ಯಾಗಶಾಲೆಯ ಅಡುಗೆಯವನು ಒಂದು ಪಾತ್ರೆ ತಳ ಹಿಡಿಸಿದ್ದರೆ ಹೇಳಬಹುದಿತ್ತು.

ಹುರುಳಿಯ ಮೇಲಿನ ಹೊಸ ಕೆಲಸ ಇನ್ನೂ ಸೊಗಸಾಗಿದೆ. ಕಾಡು ಹುರುಳಿಯ ಸಿಪ್ಪೆ ದಪ್ಪ. ನೀರು ಸುಲಭವಾಗಿ ಒಳಹೋಗದೆ, ಕೆಲವು ಈ ವರ್ಷ, ಕೆಲವು ಮುಂದಿನ ವರ್ಷ ಮೊಳೆಯುತ್ತವೆ. ಬಿತ್ತುವವನಿಗೆ ಆ ಚೌಕಾಶಿ ಆಗುವುದಿಲ್ಲ, ಒಂದೇ ಮಳೆಗೆ ಎದ್ದು ನಿಂತದ್ದಷ್ಟೇ ಅವನ ರಾಶಿಗೆ ಸೇರುತ್ತದೆ. ಹಾಗೆ ತಲೆಮಾರು ತಲೆಮಾರಾಗಿ ತೆಳು ಸಿಪ್ಪೆಯದು ಗೆಲ್ಲುತ್ತ ಹೋಗಬೇಕು. ಇದನ್ನು ನೋಡಲೆಂದು ದಕ್ಷಿಣ ಭಾರತದ ನೆಲೆಗಳ ಸುಟ್ಟ ಹುರುಳಿಯನ್ನು ಇಂಗ್ಲೆಂಡಿನ ಡೈಮಂಡ್ ಲೈಟ್ ಸೋರ್ಸ್ ಎಂಬ ಭಾರಿ ಯಂತ್ರಕ್ಕೆ ಒಯ್ದು, ಕಾಳು ಒಡೆಯದೆ ಎಕ್ಸ್‌ರೇ ಹಾಯಿಸಿ ಸಿಪ್ಪೆಯ ದಪ್ಪ ಅಳೆದರು. ಶಾರ್ಲೀನ್ ಮರ್ಫಿ ಮತ್ತು ಫುಲ್ಲರ್ 2017ರಲ್ಲಿ ಫಲಿತಾಂಶ ಹೇಳಿದರು: ಸಿಪ್ಪೆ ತೆಳುವಾಗಿದೆ.

ಅತ್ತೆ ಹುರುಳಿ ಕಟ್ಟಿನ ಸಾರಿನ ತಯಾರಿಯಲ್ಲಿದ್ದಳು. ವಿಷಯ ಪೂರ್ತಿ ಕೇಳಿ, ಪಾತೇಲಿಯ ಮುಚ್ಚಳ ಎತ್ತಿ ತೋರಿಸಿದಳು. "ನಿನ್ನೆ ಸಂಜೀಕ ನೆನೀಲಾಕ ಹಾಕೀನಿ, ಇನ್ನೂ ಕಲ್ಲಾಗೈತಿ. ಎಲ್ಲಿ ತೆಳ್ಳಗಾತೋ?"

"ಅತ್ತಿ, ನಾಕ ಸಾವಿರ ವರ್ಷದಾಗ ಇಷ್ಟ ಆಗೇತಿ. ಕೆಲಸಾ ಇನ್ನೂ ನಡದೈತಿ."

"ನಡೀಲಿ," ಎಂದು ಡಬ್ಬಿಗೆ ಕೈ ಹಾಕಿದಳು. "ಅಲ್ಲೀಮಟಾ ಒಂದ ಚಿಟಿಕಿ ಸೋಡಾ ಹಾಕ್ತೀನಿ."